ಮಾತು ಹೊತ್ತವಳು

ಆ ಊರಲ್ಲಿ ಯಾರೂ ಸುಮ್ಮನೆ ಹೂಂ ಅನ್ನುತ್ತಿರಲಿಲ್ಲ. ಸುಮ್ಮನೆ ಒಲ್ಲೆ ಅಂತಲೂ ಅನ್ನುತ್ತಿರಲಿಲ್ಲ. ಕಥೆ ಕೇಳುವ ಮಕ್ಕಳು ಕೂಡ ಬಾಯಿ ಮುಚ್ಚಿಕೊಂಡು ತಲೆಯನ್ನಷ್ಟೇ ಆಡಿಸುತ್ತಿದ್ದವು. ಅಲ್ಲಿ ಹೂಂ ಅಂದರೆ ಹೂಂ, ಒಲ್ಲೆ ಅಂದರೆ ಒಲ್ಲೆ. ಬಾಯಿಂದ ಬಿದ್ದದ್ದನ್ನು ಅಂದವರೂ ಹಿಂದಕ್ಕೆ ಎತ್ತಿಕೊಳ್ಳುವಂತಿರಲಿಲ್ಲ. ಕುರಿ ಕೊಡುತ್ತೀಯಾ ಅಂದವನಿಗೆ ಹೂಂ ಅಂದರೆ ಕುರಿ ಅವನದಾಯಿತು. ಉಣ್ಣುತ್ತೀಯಾ ಅಂದವಳಿಗೆ ಒಲ್ಲೆ ಅಂದರೆ ಆ ಹೊತ್ತಿಗೆ ಉಪವಾಸ. ಈ ಎರಡನ್ನೂ ಸೇರಿಸಿ ಊರವರು ಮಾತು ಅನ್ನುತ್ತಿದ್ದರು. ಉಳಿದದ್ದೆಲ್ಲ ಬರೀ ಸದ್ದು.

ಮುಪ್ಪಿನಲ್ಲಿ ಯಾರ ಮಾತು ಹದ ತಪ್ಪುತ್ತದೋ ಅವರ ಮಾತನ್ನು ಚಾವಡಿಯವರು ತೆಗೆದು ಮಕ್ಕಳಲ್ಲಿ ಒಬ್ಬರ ಬಾಯಿಗೆ ಹಾಕುತ್ತಿದ್ದರು. ಒಂದು ಬಾಯಲ್ಲಿ ಎರಡು ಮಾತು ಇರುವಂತಿಲ್ಲ. ಹೊತ್ತುಕೊಂಡವರು ತಮ್ಮ ಮಾತನ್ನು ಚಾವಡಿಯ ಗೋಡೆಯ ಗೂಡಿನಲ್ಲಿ ಇಟ್ಟು ಬರಬೇಕು. ಹೆತ್ತವರು ಸತ್ತ ಮೇಲೆ ಹೋಗಿ ತೆಗೆದುಕೊಳ್ಳಬೇಕು. ಯಾರು ಹಾಕಿದ ಕಟ್ಟಳೆಯೋ, ಎಂದು ಹಾಕಿದ್ದೋ, ಕೇಳಿದವರಿಲ್ಲ.

ಆ ಊರಲ್ಲಿ ನೂಲಿಗೆ ನೀಲಿ ಹಾಕುವ ದುರಗವ್ವ ಇದ್ದಳು. ಹಿತ್ತಲಲ್ಲಿ ಹುಗಿದ ಬಾನಿಗಳಲ್ಲಿ ನೀಲಿ ಹುದುಗು ಬರುತ್ತಿತ್ತು. ಅವಳು ಬೆಳಗಾದರೆ ಬಾನಿಯ ಮುಂದೆ ಕೂತು, ನೂಲಿನ ಲಡಿಗಳನ್ನು ಅದ್ದಿ ತೆಗೆದು, ಅದ್ದಿ ತೆಗೆದು, ಹಸಿರಾಗಿ ಮೇಲೆದ್ದ ನೂಲು ಗಾಳಿಯಲ್ಲಿ ನೀಲಿಯಾಗುವುದನ್ನು ಕಾಯುತ್ತಿದ್ದಳು. ಮೊಳಕೈವರೆಗೆ ಅವಳ ಕೈ ನೀಲಿ. ಊರಿನ ಮಗ್ಗಗಳೆಲ್ಲ ಅವಳ ನೂಲನ್ನೇ ಕಾಯುತ್ತಿದ್ದವು. ಅವಳ ಹೂಂ ಅಪರೂಪ. ಒಲ್ಲೆ ಮಾತ್ರ ಕಲ್ಲಿಗೆ ಕಲ್ಲು ತಾಗಿದ ಹಾಗೆ. ದೂರದಿಂದ ಬಂದ ಸಾಹುಕಾರರು ಆ ಒಲ್ಲೆ ಕೇಳಿ ಗಾಡಿ ತಿರುಗಿಸಿದ್ದುಂಟು. ಗಂಡ ಸತ್ತ ಮೇಲೆ ಮಗನನ್ನೂ ಮಗಳನ್ನೂ ಬೆಳೆಸಿದ್ದು ಆ ಒಲ್ಲೆಯ ಬಲದಿಂದ.

ಮಗ ಮದುವೆಯಾಗಿ ಹಳ್ಳದ ಆಚೆ ನೂಲಿನ ಅಂಗಡಿ ಹಾಕಿದ. ಮಗಳು ಇಂದ್ರವ್ವ ತಾಯಿಯ ಜೊತೆ ಉಳಿದಳು. ಬಾನಿಗೆ ಹಾಕುವ ಸುಣ್ಣದ ತಿಳಿ ತೆಗೆಯುವುದು, ಹುದುಗಿಗೆ ತಗಚೆ ಬೀಜ ಕುದಿಸುವುದು, ಲಡಿ ಹರವುವುದು ಅವಳ ಕೆಲಸ. ಬೀದಿಯ ಕೊನೆಗೆ ಒಬ್ಬ ನೇಕಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಮೆಲುದನಿಯವನು. ನೂಲು ಒಯ್ಯಲು ಬಂದಾಗ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಹೆಚ್ಚಿಗೆ ಕೂರುತ್ತಿದ್ದ. ಒಂದು ದಿನ, ನನ್ನನ್ನು ಮದುವೆಯಾಗುತ್ತೀಯಾ ಅಂತ ಕೇಳಿಯೂ ಬಿಟ್ಟ. ಇಂದ್ರವ್ವ ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. "ಅವ್ವ ಈಗೀಗ ಒಂದೀಟು ಮರೀತಾಳ. ಸುಗ್ಗಿ ಕಳೀಲಿ," ಅಂದಳು. "ಕಾಯ್ತೀನಿ," ಅಂದ ಅವನು.

ಸುಗ್ಗಿ ಕಳೆಯುವುದರೊಳಗೆ ದುರಗವ್ವ ಎಲ್ಲದಕ್ಕೂ ಹೂಂ ಅನ್ನತೊಡಗಿದ್ದಳು.

ಮೊದಲು ಗೊತ್ತಾದದ್ದು ನೆರೆಮನೆಯವಳಿಗೆ. "ದುರಗವ್ವಾ, ನಿನ್ನ ಏಣಿ ಒಯ್ಲೇನು?" ಅಂತ ಕೇಳಿದಳು. "ಹೂಂ," ಅಂದಳು ದುರಗವ್ವ. ಏಣಿ ಹೋಯಿತು. ಮರುದಿನ ತಾಮ್ರದ ಹಂಡೆ. ಆಮೇಲೆ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಜನ ಸಭ್ಯರೇ. ಕಳ್ಳರಲ್ಲ. ಬಂದು ಬಾಗಿಲಲ್ಲಿ ನಿಂತು, ಮೈ ಹೆಂಗೈತಿ ಅಂತ ವಿಚಾರಿಸಿ, ಆಮೇಲೆ ಕೇಳುತ್ತಿದ್ದರು. ಕೇಳಿದ್ದಕ್ಕೆಲ್ಲ ಅವಳು ಹೂಂ ಅನ್ನುತ್ತಿದ್ದಳು, ಬಂದವರು ಖುಷಿಯಾಗುವುದನ್ನು ನೋಡಿ ತಾನೂ ನಗುತ್ತಿದ್ದಳು. ಅಂಗಳದ ಬೇವಿನ ಮರವನ್ನು ಒಬ್ಬ ಕೇಳಿದ. ಇಂದ್ರವ್ವ ಹಳ್ಳದಿಂದ ನೂಲು ತೊಳೆದು ಬರುವಷ್ಟರಲ್ಲಿ ಮರ ಉರುಳಿತ್ತು. ಅಂಗಳಕ್ಕೆ ಹಿಂದೆಂದೂ ಬೀಳದಿದ್ದ ಬಿಸಿಲು ಬಿದ್ದಿತ್ತು.

ಇಂದ್ರವ್ವ ಮನೆಮನೆಗೆ ಹೋಗಿ ಕೇಳಿದಳು. ನೆರೆಮನೆಯವಳು ಏಣಿಗೆ ಆತು ನಿಂತು ಹೇಳಿದಳು: "ನಿಮ್ಮವ್ವ ಹೂಂ ಅಂದಾಳವಾ. ನಾವೇನು ಕದ್ದೀವೇನು?"

ಕೊನೆಗೆ ಒಂದು ದಿನ ಸಂತೆಗೆ ಬಂದಿದ್ದ ಪರವೂರಿನವನೊಬ್ಬ ದುರಗವ್ವನನ್ನೇ ಕೇಳಿದ. "ಮುದುಕಿ, ನಮ್ಮ ಮನ್ಯಾಗ ಕೆಲಸಕ್ಕ ಬರ್ತೀಯೇನು? ಅಲ್ಲೇ ಬಿದ್ದಿರಾಕ?" ಅವಳು ಹೂಂ ಅಂದು ಅವನ ಹಿಂದೆ ಹೊರಟೇ ಬಿಟ್ಟಳು. ಬರಿಗಾಲು. ಇಂದ್ರವ್ವ ಓಡಿ ಹೋಗಿ ಊರ ಅಗಸೆ ಬಾಗಿಲ ಹತ್ತಿರ ತಾಯಿಯ ಸೆರಗು ಹಿಡಿದಳು. ಆ ಮನುಷ್ಯ ಸಿಟ್ಟಾಗಲಿಲ್ಲ. "ಹೂಂ ಅಂದಾಳ. ನೀ ಯಾರು ಬ್ಯಾಡ ಅನ್ನಾಕಿ?" ಅಂತ ಕೇಳಿದ. ಅಗಸೆಯಲ್ಲಿ ಕೂತಿದ್ದ ಹಿರಿಯರು ಹೌದು ಅನ್ನುವ ಹಾಗೆ ತಲೆ ಆಡಿಸಿದರು. ಇಂದ್ರವ್ವ ಸೆರಗು ಬಿಟ್ಟಳು. ಇಬ್ಬರ ಹಿಂದೆ ತಾನೂ ನಡೆದಳು. ಊರ ಹೊರಗಿನ ಕಲ್ಲು ದಾರಿಯಲ್ಲಿ ದುರಗವ್ವನ ಅಂಗಾಲಿಗೆ ಮೊನಚು ಕಲ್ಲು ಹೊಕ್ಕಿತು. ಅವಳು ಅಲ್ಲೇ ಕುಸಿದು ಕೂತಳು. ರಕ್ತ ನಿಲ್ಲಲಿಲ್ಲ. ಪರವೂರಿನವನು ಸ್ವಲ್ಪ ಹೊತ್ತು ನೋಡಿದ, ಕುಂಟಿಯಿಂದ ಏನು ಕೆಲಸವಾದೀತು ಅಂತ ಗೊಣಗಿ ತನ್ನ ದಾರಿ ಹಿಡಿದ. ಇಂದ್ರವ್ವ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದಳು.

ಗಾಯಕ್ಕೆ ಅರಿಶಿನ ಕಟ್ಟಿ, ಮಾರನೆಯ ದಿನವೇ ಹಳ್ಳ ದಾಟಿ ಅಣ್ಣನ ಅಂಗಡಿಗೆ ಹೋದಳು.

"ಅಣ್ಣಾ, ಅವ್ವನ ಮಾತು ಹೊರಬೇಕು. ಇಲ್ಲಾಂದ್ರ ಆಕಿನ್ನ ಯಾರರ ಒಯ್ತಾರ."

ಅಣ್ಣ ನೂಲಿನ ಗಂಟು ಬಿಚ್ಚುತ್ತಲೇ ಇದ್ದ. "ನಾ ಹೊತ್ತರ ನನ್ನ ಮಾತು ಚಾವಡಿಯೊಳಗ ಕೂಡ್ತೈತಿ. ಅಂಗಡಿ ಹೆಂಗ ನಡೀಬೇಕು? ಹೂಂ ಅನ್ನಾಕ ಬರದವನ ಹತ್ರ ಯಾರು ನೂಲು ಕೊಳ್ತಾರ? ಹೆಂಡ್ತಿ ಅದಾಳ, ಮಕ್ಕಳದಾವ." ಆಮೇಲೆ ತಲೆ ಎತ್ತಿ ತಂಗಿಯನ್ನು ನೋಡಿದ. ದನಿ ಮೆತ್ತಗಾಯಿತು. "ನಿನಗೇನೈತಿ ಹೇಳು, ಕಳಕೊಳ್ಳಾಕ?"

ಇಂದ್ರವ್ವನಿಗೆ ಕಟ್ಟೆಯ ಮೇಲೆ ಕೂತು ಲಡಿಯ ಎಳೆ ಸವರುವ ನೇಕಾರನ ಬೆರಳು ನೆನಪಾದವು. ಅದನ್ನು ಅಣ್ಣನ ಮುಂದೆ ಹೇಳುವುದು ಹೇಗೆ?

"ನಾ ಚಾವಡಿಗೆ ಬಂದು ಸಾಕ್ಷಿ ಹೇಳ್ತೀನಿ. ಅಷ್ಟು ಮಾಡ್ತೀನಿ," ಅಂದ ಅಣ್ಣ.

ಮಾತು ತೆಗೆಯುವ ದಿನ ಚಾವಡಿ ತುಂಬಿತ್ತು. ಕಟ್ಟಳೆಯ ಪ್ರಕಾರ ಮಗಳು ತಾಯಿಯ ಎದುರಿಗೆ ನಿಂತು, ತಾಯಿಗೂ ಊರಿಗೂ ಕೇಳಿಸುವಂತೆ, ತಾಯಿಯ ಬುದ್ಧಿ ಕೆಟ್ಟಿದೆ ಅನ್ನುವುದನ್ನು ಬಿಡಿಸಿ ಬಿಡಿಸಿ ಹೇಳಬೇಕು. ಮುಚ್ಚಿಟ್ಟರೆ ನಡೆಯದು. ಮೆಲ್ಲಗೆ ಹೇಳಿದರೆ ಚಾವಡಿಯ ಹಿರಿಯ "ಗಟ್ಟಿಯಾಗಿ ಹೇಳವಾ" ಅನ್ನುತ್ತಾನೆ.

ಇಂದ್ರವ್ವ ಹೇಳಿದಳು. ಬಾನಿಗೆ ಸುಣ್ಣದ ಬದಲು ಉಪ್ಪು ಸುರಿದದ್ದು ಹೇಳಿದಳು. ಸತ್ತ ಅಪ್ಪನಿಗೆ ಎಡೆ ಮಾಡಿ, ಬರಲಿಲ್ಲ ಅಂತ ಬೀದಿಯಲ್ಲಿ ನಿಂತು ಕೂಗಿದ್ದು ಹೇಳಿದಳು. ಏಣಿ, ಹಂಡೆ, ಮರ ಹೇಳಿದಳು. ಹಿರಿಯ "ಮತ್ತ?" ಅಂದ. ಬಟ್ಟೆಯಲ್ಲೇ ಆಗಿಬಿಟ್ಟದ್ದನ್ನು ಮುಚ್ಚಿಡಲು ಅವ್ವ ಆ ಬಟ್ಟೆಯನ್ನು ಜೋಳದ ಮಡಕೆಯಲ್ಲಿ ತುರುಕಿದ್ದನ್ನು ಹೇಳಿದಳು. ಜನರಲ್ಲಿ ಕೆಲವರು ಬಾಯಿಗೆ ಸೆರಗು ಇಟ್ಟುಕೊಂಡರು. ಕೆಲವರು ಇನ್ನಷ್ಟು ಮುಂದೆ ಬಂದು ಕೂತರು.

ಅಂಥ ದಿನಗಳಲ್ಲಿ ಆಗುವ ಹಾಗೆ, ದುರಗವ್ವ ಅಂದು ನೆಟ್ಟಗೆ ಕೂತಿದ್ದಳು. ಕಣ್ಣು ತಿಳಿಯಾಗಿತ್ತು. ಹಿರಿಯ ಅವಳ ಹೆಸರು ಕೇಳಿದ, ಹೇಳಿದಳು. ಊರ ಹೆಸರು, ತಿಂಗಳು, ಮಗನ ಮಕ್ಕಳ ಹೆಸರು ಕೇಳಿದ, ತಡವರಿಸದೆ ಹೇಳಿದಳು. ಆಮೇಲೆ ಮಗಳ ಕಡೆಗೆ ತಿರುಗಿದಳು.

"ನೀ ಹೇಳಿದ್ದೆಲ್ಲಾ ಖರೇನ ಐತಿ ಇಂದ್ರವ್ವಾ. ಆದ್ರ ಅದನ್ನ ಇಲ್ಲಿ ಹೇಳಬೇಕಿತ್ತೇನು?"

ಮಗನನ್ನು ಕರೆದು ಹಿರಿಯ ಕೇಳಿದ. ಮಗ ಎದ್ದು ನಿಂತು ಟವೆಲು ಕೈಯಲ್ಲಿ ಹಿಡಿದು ನೆಲ ನೋಡಿದ. "ನಾ ಹೋದಾಗೆಲ್ಲಾ ಅವ್ವ ಚೊಲೋನ ಇರ್ತಾಳ್ರಿ. ನನ್ನ ಕೂಡ ಚೆಂದಾಗೇ ಮಾತಾಡ್ತಾಳ. ಆದ್ರ ದಿನಾ ನೋಡೂದು ತಂಗಿ. ಆಕಿ ಹೇಳಿದ್ಮ್ಯಾಲ ನಾ ಏನನ್ಲಿ?" ದುರಗವ್ವ ಮಗನನ್ನೇ ನೋಡುತ್ತಿದ್ದಳು, ತುಂಬು ಮಮತೆಯಿಂದ.

ಹಿರಿಯ ಕೊನೆಯ ಪ್ರಶ್ನೆ ಕೇಳಿದ. "ದುರಗವ್ವಾ, ನಿನ್ನ ಮಾತು ಮಗಳಿಗೆ ಕೊಡ್ತೀಯೇನು?"

"ಒಲ್ಲೆ," ಅಂದಳು.

ಆ ಒಲ್ಲೆಯನ್ನು ಊರು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಹಿಂದಿನದೇ ಒಲ್ಲೆ, ಕಲ್ಲಿಗೆ ಕಲ್ಲು ತಾಗಿದ್ದು. ಸಾಹುಕಾರರ ಗಾಡಿ ತಿರುಗಿಸಿದ್ದು. ಇಂದ್ರವ್ವನ ಎದೆ ಒಮ್ಮೆ ಸಂತೋಷದಿಂದ ಹಾರಿತು: ಅವ್ವ ಇನ್ನೂ ಇದ್ದಾಳೆ! ಅದೇ ಒಲ್ಲೆಯನ್ನು ನೆರೆಮನೆಯವಳಿಗೆ ಅಂದಿದ್ದರೆ ಸಾಕಿತ್ತು. ಪರವೂರಿನವನಿಗೆ ಅಂದಿದ್ದರೆ ಸಾಕಿತ್ತು.

ಹಿರಿಯ ತಲೆ ಅಲ್ಲಾಡಿಸಿದ. ಮಗಳು ಬಿಡಿಸಿ ಹೇಳಿದ ಮೇಲೆ ತಾಯಿಯ ಒಲ್ಲೆ ಲೆಕ್ಕಕ್ಕಿಲ್ಲ, ಅದು ಕೇಳಲೇಬೇಕಾದ ಪ್ರಶ್ನೆ, ಕೇಳಿಸಿಕೊಳ್ಳಬೇಕಾದ ಉತ್ತರವಲ್ಲ ಅಂದ. ಇಬ್ಬರು ಹೆಂಗಸರು ದುರಗವ್ವನ ಗಲ್ಲ ಹಿಡಿದು ಬಾಯಿಗೆ ನೀರು ಹಾಕಿದರು. ಅವಳು ಹಲ್ಲು ಕಚ್ಚಿ ಹಿಡಿದು ನೋಡಿದಳು. ಉಸಿರು ಕಟ್ಟಿದಾಗ ಬಾಯಿ ಬಿಟ್ಟಳು. ಉಗುಳಿದ ನೀರನ್ನು ಕಂಚಿನ ಬಟ್ಟಲಲ್ಲಿ ಹಿಡಿದು ಇಂದ್ರವ್ವನ ಕೈಗೆ ಕೊಟ್ಟರು. ಅದನ್ನು ಕುಡಿಯುವ ಮೊದಲು ಇಂದ್ರವ್ವ ತಾನೊಂದು ಗುಟುಕು ನೀರು ಮುಕ್ಕಳಿಸಿ ಸಣ್ಣ ಗಡಿಗೆಗೆ ಉಗುಳಬೇಕಿತ್ತು. ಉಗುಳಿದಳು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಗೂಡಿನಲ್ಲಿಟ್ಟರು. ಅಲ್ಲಿ ಅಂಥವು ಬಹಳ ಇದ್ದವು. ಆಮೇಲೆ ಬಟ್ಟಲನ್ನು ಎತ್ತಿ ಕುಡಿದಳು. ಎಲೆಯಡಿಕೆಯ ರುಚಿ. ಅದರಡಿಗೆ ಬರೀ ತಾಯಿಯ ಬಾಯಿ.

ಮನೆಗೆ ಬರುವಾಗ ದುರಗವ್ವ ಮಗಳ ಹೆಗಲಿನ ಆಸರೆ ಹಿಡಿಯಲಿಲ್ಲ. ಗಾಯದ ಕಾಲು ಎಳೆಯುತ್ತಾ ಗೋಡೆ ಹಿಡಿದು ನಡೆದಳು.

ಆ ದಿನದಿಂದ ಮನೆಯಿಂದ ಸಾಮಾನು ಹೋಗುವುದು ನಿಂತಿತು. ಯಾರು ಬಂದು ಕೇಳಿದರೂ ದುರಗವ್ವ ಹೂಂ ಅನ್ನುತ್ತಿದ್ದಳು, ಬಾಗಿಲ ಹಿಂದಿನಿಂದ ಇಂದ್ರವ್ವ ಒಲ್ಲೆ ಅನ್ನುತ್ತಿದ್ದಳು. ಬಂದವರು ತಾಯಿಯ ಮಾತನ್ನು ಕೇಳಿಸಿಕೊಳ್ಳದವರ ಹಾಗೆ ಮಗಳ ಬಾಯಿ ನೋಡುತ್ತಿದ್ದರು. ಸ್ವಲ್ಪ ದಿನದಲ್ಲೇ ದುರಗವ್ವನಿಗೆ ಅದು ತಿಳಿಯಿತು. ಮರೆವಿನವಳಿಗೆ ಅದೊಂದು ಮರೆಯಲಿಲ್ಲ. ನೀರು ಬೇಕು ಅಂದರೆ ಮಗಳ ಕಡೆ ನೋಡುವ ನೆರೆಯವರನ್ನು ನೋಡಿ ಅವಳು ಬೇಡುವುದನ್ನೇ ಬಿಟ್ಟಳು. ಮಗಳು ಕೊಟ್ಟ ರೊಟ್ಟಿಯನ್ನು ಮುರಿದು ಮೂಸಿ ನೋಡುತ್ತಿದ್ದಳು. "ನನ್ನ ಮಾತು ಕುಡಿದಾಳ. ನಾಳೆ ನನ್ನೂ ಕುಡೀತಾಳ," ಅಂತ ಬೀದಿಯಲ್ಲಿ ಹೋಗುವವರಿಗೆ ಹೇಳುತ್ತಿದ್ದಳು. ಅದು ಬರೀ ಸದ್ದಾದರೂ ಜನ ನಿಂತು ಕೇಳುತ್ತಿದ್ದರು.

ಸುಗ್ಗಿ ಕಳೆದಿತ್ತು. ನೇಕಾರ ತನ್ನ ತಾಯಿಯನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂತು ಮತ್ತೆ ಕೇಳಿದ. ಇಂದ್ರವ್ವ ಎಷ್ಟೋ ದಿನದಿಂದ ಈ ಗಳಿಗೆಗೆ ಕಾದಿದ್ದಳು. ಕಟ್ಟಳೆ ಗೊತ್ತಿದ್ದರೂ ಬಾಯಿ ಕೇಳಲಿಲ್ಲ. "ಹೂಂ," ಅಂದಳು.

ನೇಕಾರನ ತಾಯಿ ನಕ್ಕಳು. ಕೆಟ್ಟ ನಗುವೇನಲ್ಲ. "ಇದು ದುರಗವ್ವನ ಹೂಂ ಅಲ್ಲೇನವಾ? ನನ್ನ ಮಗನ್ನ ದುರಗವ್ವಗ ಕೊಡ್ಲೇನು?"

ಓಣಿಯವರೂ ನಕ್ಕರು. ಆ ನಗು ಬಹಳ ದಿನ ಓಣಿಯಲ್ಲಿ ತಿರುಗಿತು. ಮುದುಕಿಗೆ ಮದುವೆ ಗೊತ್ತಾಗಿದೆಯಂತೆ ಅಂತ ಮಕ್ಕಳು ಹಾಡು ಕಟ್ಟಿದವು. ನೇಕಾರ ಮಾತ್ರ ನಗಲಿಲ್ಲ. ಮರುವರ್ಷದವರೆಗೂ ಕಾದ, ಅದರ ಮರುವರ್ಷವೂ ಕಾದ. ಅವನಿಗೂ ವಯಸ್ಸಾಗುತ್ತಿತ್ತು. ಮನೆಯಲ್ಲಿ ತಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ ಒಬ್ಬನೇ ಬಂದ, ಕೂರಲಿಲ್ಲ.

"ಬ್ಯಾರೆ ಕಡೆ ಹೆಣ್ಣು ನೋಡ್ಯಾರ," ಅಂದ. "ಇಂದ್ರವ್ವಾ, ನಾ ಹೋಗ್ಲೇನು?"

ಅವಳು ಅವನನ್ನು ನೋಡಿದಳು. ಹೋಗು ಅನ್ನುವ ಹೂಂ ಅವಳ ಹತ್ತಿರ ಇರಲಿಲ್ಲ. ಹೋಗಬೇಡ ಅನ್ನುವ ಒಲ್ಲೆಯೂ ಇರಲಿಲ್ಲ. ಎರಡೂ ಗೂಡಿನಲ್ಲಿದ್ದವು. ಅವನು ನಿಂತೇ ಇದ್ದ. ಒಳಗಿಂದ ದುರಗವ್ವ "ಯಾರದು?" ಅಂತ ಕೂಗಿದಳು. ಅವನು ಮೆಟ್ಟಿಲಿಳಿದು ಹೋದ.

ವರ್ಷಕ್ಕೊಮ್ಮೆ ಇಂದ್ರವ್ವ ಚಾವಡಿಗೆ ಹೋಗಿ, ತಾಯಿಯ ಮಾತಿನಿಂದ ತಾನು ಮಾಡಿದ್ದರ ಲೆಕ್ಕವನ್ನೆಲ್ಲ ಒಪ್ಪಿಸಬೇಕಿತ್ತು. ಜೋಳದ ರೊಟ್ಟಿ ಬಿಟ್ಟು ಗಂಜಿ ಯಾಕೆ ಕೊಟ್ಟೆ? ಎರಡು ಬಾನಿ ಯಾಕೆ ಮುಚ್ಚಿಸಿದೆ? ಅವ್ವ ಬೀದಿಗೆ ಹೋಗದ ಹಾಗೆ ಅಗುಳಿ ಯಾಕೆ ಹಾಕಿದೆ? ಊರವರು ಒಬ್ಬೊಬ್ಬರಾಗಿ ಕೇಳುತ್ತಿದ್ದರು. ಏಣಿ ಒಯ್ದವಳೂ ಕೇಳುತ್ತಿದ್ದಳು, ಮರ ಕಡಿದವನೂ ಕೇಳುತ್ತಿದ್ದ. ಅಣ್ಣ ಹಬ್ಬಕ್ಕೆ ಬರುತ್ತಿದ್ದ, ಉಂಡಿ ತರುತ್ತಿದ್ದ. ದುರಗವ್ವ ಮಗನ ಮುಖವನ್ನು ನೀಲಿ ಕೈಯಿಂದ ಸವರಿ, "ನೀ ಇದ್ರ ನನಗ ಹಿಂಗ ಆಗ್ತಿದ್ದಿಲ್ಲ," ಅನ್ನುತ್ತಿದ್ದಳು. ಅಣ್ಣ ಕಣ್ಣು ಒರೆಸಿಕೊಳ್ಳುತ್ತಿದ್ದ. ಇಂದ್ರವ್ವ ಒಲೆಯ ಮುಂದೆ ಕೂತು ಇಬ್ಬರಿಗೂ ಬಡಿಸುತ್ತಿದ್ದಳು.

ಕಲ್ಲು ಹೊಕ್ಕ ಕಾಲಿನ ಗಾಯ ಒಮ್ಮೆ ಮಾಯುವುದು, ಒಮ್ಮೆ ಬಿರಿಯುವುದು. ಒಂದು ಬೇಸಿಗೆ ಅದು ಕಪ್ಪಾಯಿತು. ಮನೆ ತುಂಬ ವಾಸನೆ. ವೈದ್ಯ ಬಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ನೋಡಿದ. "ಮೊಣಕಾಲಿನ ಕೆಳಗ ತಗೀಬೇಕು. ಇಲ್ಲಾಂದ್ರ ಅಮಾಸಿ ದಾಟೂದಿಲ್ಲ," ಅಂದ.

ದುರಗವ್ವನಿಗೆ ಆ ದಿನವೂ ಕಣ್ಣು ತಿಳಿಯಾಗಿತ್ತು. "ಒಲ್ಲೆ," ಅಂದಳು. "ಇದ್ದ ಕಾಲಾಗ ಹೋಗ್ತೀನಿ."

ವೈದ್ಯ ಅವಳ ಕಡೆ ನೋಡಲೇ ಇಲ್ಲ. ಇಂದ್ರವ್ವನ ಬಾಯಿ ನೋಡುತ್ತಾ ನಿಂತ.

ಇಂದ್ರವ್ವ ಒಂದು ದಿನ ಕೊಡಿ ಅಂತ ಬೇಡಿಕೊಂಡು ಹಳ್ಳ ದಾಟಿ ಓಡಿದಳು. "ಅಣ್ಣಾ, ಏನ್ ಮಾಡ್ಲಿ? ಅವ್ವ ಒಲ್ಲೆ ಅಂತಾಳ. ತಿಳದೇ ಅಂತಾಳ."

"ಮಾತು ನಿನ್ನ ಬಾಯಾಗ ಐತಿ. ನಾ ಏನ್ ಹೇಳ್ಲಿ?"

"ನನ್ನ ಜಾಗದಾಗ ನೀ ಇದ್ದಿದ್ರ ಏನಂತಿದ್ದಿ? ಅಷ್ಟು ಹೇಳು ಸಾಕು."

ಅಣ್ಣ ಬಿಚ್ಚಿದ ನೂಲಿನ ಗಂಟನ್ನು ಮತ್ತೆ ಕಟ್ಟಿದ. "ನಾ ಇಲ್ಲಲ್ಲ," ಅಂದ.

ತಿರುಗಿ ಬರುವಾಗ ಹಳ್ಳದ ನೀರಿನಲ್ಲಿ ನಿಂತಳು. ಅವ್ವನ ಒಲ್ಲೆಯನ್ನೇ ತಾನೂ ಅಂದರೆ ಅವ್ವ ಸಾಯುತ್ತಾಳೆ. ತನ್ನ ಮಾತು ತನಗೆ ಬರುತ್ತದೆ. ಈ ಯೋಚನೆ ಬಂದದ್ದೇ ತಡ, ಒಲ್ಲೆ ಅನ್ನುವುದು ಅವಳಿಗೆ ಸಾಧ್ಯವಿಲ್ಲದಾಯಿತು. ಅವ್ವನಿಗಾಗಿ ಅಂದದ್ದೋ ತನಗಾಗಿ ಅಂದದ್ದೋ ಅಂತ ಊರು ಕೇಳುತ್ತದೆ. ಊರು ಕೇಳದಿದ್ದರೂ ತಾನು ಕೇಳಿಕೊಳ್ಳಬೇಕಾಗುತ್ತದೆ, ಬದುಕಿರುವಷ್ಟು ದಿನ. ಮನೆಗೆ ಬಂದು ವೈದ್ಯನಿಗೆ ಹೂಂ ಅಂದಳು.

ನಾಲ್ಕು ಜನ ಹಿಡಿದುಕೊಂಡರು. ದುರಗವ್ವ ಒಲ್ಲೆ, ಒಲ್ಲೆ, ಒಲ್ಲೆ ಅಂತ ಕೂಗಿದ್ದು ಮಗ್ಗಗಳ ಸದ್ದನ್ನು ದಾಟಿ ಊರಿಗೆಲ್ಲ ಕೇಳಿಸಿತು. ಯಾರೂ ಮಗ್ಗ ನಿಲ್ಲಿಸಲಿಲ್ಲ. ಅದು ಬರೀ ಸದ್ದು.

ಅವಳು ಬದುಕಿದಳು. ಆ ವರ್ಷ ಒಪ್ಪಿಸುವ ದಿನ ಅಣ್ಣ ಚಾವಡಿಯಲ್ಲಿ ಎದ್ದು ನಿಂತು, "ಅವ್ವ ಸ್ಪಷ್ಟ ಒಲ್ಲೆ ಅಂದಿದ್ಲಂತ. ಊರೆಲ್ಲಾ ಕೇಳೈತಿ," ಅಂದ. ಅಷ್ಟೇ ಹೇಳಿ ಕೂತ. ಜನ ಇಂದ್ರವ್ವನನ್ನು ನೋಡಿದರು.

ಕಾಲು ಹೋದ ಮೇಲೆ ದುರಗವ್ವ ಮಗಳೊಡನೆ ಸದ್ದನ್ನೂ ಮಾಡಲಿಲ್ಲ. ಮಗಳು ಒಳಗೆ ಬಂದರೆ ಗೋಡೆಗೆ ಮುಖ ಮಾಡುತ್ತಿದ್ದಳು. ತುತ್ತು ಬಾಯಿಗಿಟ್ಟರೆ ತುಟಿ ಬಿಗಿಯುತ್ತಿದ್ದಳು. ಪಕ್ಕದಲ್ಲಿಟ್ಟು ಹೊರಗೆ ಹೋದರೆ ಮಾತ್ರ ಒಂದಿಷ್ಟು ತಿನ್ನುತ್ತಿದ್ದಳು. ದಿನದಿಂದ ದಿನಕ್ಕೆ ಸಣ್ಣಗಾದಳು.

ಒಂದು ಮಧ್ಯಾಹ್ನ ಇಂದ್ರವ್ವ ಬಂಡೆಗಳ ಕಡೆ ಪುಳ್ಳೆ ಆರಿಸಲು ಹೋಗಿ, ಹಳ್ಳದಲ್ಲಿ ತಲೆ ತೊಳೆದುಕೊಂಡು, ಉಡಿಯಲ್ಲಿ ಬಾರಿಹಣ್ಣು ಕಟ್ಟಿಕೊಂಡು ಬಂದಳು. ಒದ್ದೆ ಕೂದಲು ಬೆನ್ನ ಮೇಲೆ ಬಿಚ್ಚಿತ್ತು. ಬಾಗಿಲಲ್ಲಿ ಅವಳ ಹಿಂದೆ ಬಿಸಿಲಿತ್ತು. ದುರಗವ್ವ ಗೋಡೆಯಿಂದ ಮುಖ ತಿರುಗಿಸಿದಳು. ಅವಳ ಇಡೀ ಮುಖ ಅರಳಿತು.

"ಬಾಳೀ! ಎಷ್ಟು ಹೊತ್ತು ಮಾಡಿದಿ! ಹಣ್ಣು ತಂದೀಯೇನು?"

ಬಾಳವ್ವ ದುರಗವ್ವನ ಬಾಲ್ಯದ ಗೆಳತಿ. ಹನ್ನೆರಡು ತುಂಬುವ ಮೊದಲೇ ಹಾವು ಕಡಿದು ಸತ್ತವಳು. ಅವಳ ಕಥೆಗಳನ್ನು ಇಂದ್ರವ್ವ ಚಿಕ್ಕಂದಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿ ಕೇಳಿದ್ದಳು. ಈಗ ಹೊಸ್ತಿಲಲ್ಲಿ ನಿಂತು ಏನು ಮಾಡಬೇಕೋ ತಿಳಿಯಲಿಲ್ಲ. ಹತ್ತಿರ ಹೋಗಿ ಕೂತು ಒಂದು ಹಣ್ಣು ಬಾಯಿಗಿಟ್ಟಳು. ದುರಗವ್ವ ತಿಂದಳು. ಬೀಜ ಉಗುಳಿ ಮತ್ತೆ ಬಾಯಿ ತೆರೆದಳು.

"ಬಾಳಿ, ಹೊರಗ ಆಕಿ ಅದಾಳೇನು ನೋಡು."

"ಯಾಕಿ?"

"ನನ್ನ ಮಗಳು. ನನ್ನ ಮಾತು ಕುಡಿದಾಕಿ. ಕಾಲೂ ಆಕೀನ ಕೊಯ್ಸಿದ್ಲು." ದುರಗವ್ವ ದನಿ ತಗ್ಗಿಸಿದಳು. "ಬಂದ್ರ ಒಳಗ ಬಿಡಬ್ಯಾಡ. ಬಿಡೂದಿಲ್ಲ ಹೌದಲ್ಲ?"

ಇಂದ್ರವ್ವ ಕೈಯಲ್ಲಿದ್ದ ಹಣ್ಣನ್ನು ನೋಡಿದಳು.

"ಹೂಂ," ಅಂದಳು.

ದುರಗವ್ವ ಅದನ್ನು ನಂಬಿದಳು. ನೆಮ್ಮದಿಯಿಂದ ಉಸಿರು ಬಿಟ್ಟು ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಸತ್ತುಹೋದ ಹುಡುಗಿಯ ಮಾತು ಯಾವ ಗೂಡಿನಲ್ಲೂ ಇರಲಿಲ್ಲ, ಯಾರೂ ಅದನ್ನು ತೆಗೆದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಇಂದ್ರವ್ವ ಆಡಿದ ಹೂಂಗಳಲ್ಲಿ ಎದುರಿಗಿದ್ದವರು ಪ್ರೀತಿಯಿಂದ ತೆಗೆದುಕೊಂಡದ್ದು ಅದೊಂದೇ.

ಆಮೇಲೆ ಅವಳು ದಿನವೂ ಕೂದಲು ಒದ್ದೆ ಮಾಡಿ ಬಿಚ್ಚಿಕೊಂಡೇ ಒಳಗೆ ಹೋಗುತ್ತಿದ್ದಳು. ನರೆತ ಕೂದಲು ಬಾಗಿಲ ಬಿಸಿಲಿನಲ್ಲಿ ಕಾಣುತ್ತಿರಲಿಲ್ಲವೋ, ಕಂಡರೂ ದುರಗವ್ವನಿಗೆ ಬೇಕಿರಲಿಲ್ಲವೋ. ಮೊದಮೊದಲು ಹೆತ್ತವಳನ್ನು ದುರಗಿ ಅಂತ ಕರೆಯಲು ನಾಲಗೆ ಏಳುತ್ತಿರಲಿಲ್ಲ. ರೂಢಿಯಾಯಿತು. ಇಬ್ಬರೂ ಕಲ್ಲಿನ ಹೊಂಡದಲ್ಲಿ ಈಜು ಕಲಿತದ್ದನ್ನು ನೆನೆದು ನಗುತ್ತಿದ್ದರು. ಇಂದ್ರವ್ವ ಆ ಹೊಂಡವನ್ನು ನೋಡಿಯೇ ಇರಲಿಲ್ಲ. ದುರಗವ್ವ ಉಂಡಳು, ತಲೆ ಬಾಚಿಸಿಕೊಂಡಳು, ಮೈ ತೊಳೆಸಿಕೊಂಡಳು. ಮೊಂಡುಗಾಲನ್ನು ಕೂಡ ಬಾಳವ್ವನ ಕೈಗೆ ಕೊಟ್ಟಳು. ಇಂದ್ರವ್ವ ಮರೆತು ಕೂದಲು ಕಟ್ಟಿಕೊಂಡು ಒಳಗೆ ಕಾಲಿಟ್ಟ ದಿನ ಮುದುಕಿ ಚೀರಿಕೊಂಡು, "ಬಾಳಿ, ಬಾಳಿ, ಆಕಿ ಬಂದ್ಲು!" ಅಂತ ಕೂಗಿದಳು. ಇಂದ್ರವ್ವ ಹೊರಗೆ ಓಡಿ, ಕೂದಲು ಬಿಚ್ಚಿ, ಮತ್ತೆ ಒಳಗೆ ಬಂದು, "ಓಡಿಸಿಬಂದೆ ದುರಗಿ, ಹೆದರಬ್ಯಾಡ," ಅಂದಳು.

ಒಮ್ಮೆ ಕೇಳಿಯೂ ನೋಡಿದಳು. "ಆಕಿ ಅಷ್ಟು ಕೆಟ್ಟಾಕಿಯೇನ ದುರಗಿ?"

ದುರಗವ್ವ ಬಹಳ ಹೊತ್ತು ಯೋಚಿಸಿದಳು. "ಸಣ್ಣಾಕಿದ್ದಾಗ ಚೊಲೋ ಇತ್ತು ಕೂಸು," ಅಂದಳು. "ನಾ ಬಾನಿ ಮುಂದ ಕುಂತ್ರ ಬೆನ್ನಿಗೆ ಆತು ನಿದ್ದಿ ಮಾಡ್ತಿತ್ತು. ನಾ ಅಲುಗ್ತಿದ್ದಿಲ್ಲ."

ಚಳಿಗಾಲದ ಒಂದು ಬೆಳಿಗ್ಗೆ ದುರಗವ್ವನ ಉಸಿರು ಬದಲಾಯಿತು. ಇಂದ್ರವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವ್ವಾ ಅನ್ನಬೇಕು ಅಂತ ಬಾಯಿ ತೆರೆದಳು, ಒಂದೇ ಒಂದು ಸಲ.

ದುರಗವ್ವ ಕಣ್ಣು ಬಿಟ್ಟಳು. "ಬಾಳಿ, ಬಾಗಲಾ ಹಾಕೀಯೇನು?"

"ಹಾಕೀನಿ."

"ಆಕಿ ಬಂದಿಲ್ಲಲ್ಲ?"

"ಇಲ್ಲ ದುರಗಿ. ಬಂದಿಲ್ಲ."

"ಚೊಲೋ ಆತು," ಅಂದಳು ದುರಗವ್ವ. ನೀಲಿ ಕೈ ಇಂದ್ರವ್ವನ ಕೈಯೊಳಗೆ ಬಿಗಿಯಾಯಿತು, ಆಮೇಲೆ ಸಡಿಲಾಯಿತು.

ಸುದ್ದಿ ಹೋದ ಮೇಲೆ ಅಣ್ಣ ಹಳ್ಳದಿಂದಲೇ ಅಳುತ್ತಾ ಬಂದ. ಹೆಣದ ಮೇಲೆ ಬಿದ್ದು ಅತ್ತ. ಅಂಗಳದಲ್ಲಿ ಕೂತಿದ್ದ ಹೆಂಗಸರೂ ಅತ್ತರು. ಚಾವಡಿಯಿಂದ ಒಬ್ಬ ಬಂದು, ಮಣ್ಣು ಮುಗಿದ ಮೇಲೆ ಗೂಡಿನ ಗಡಿಗೆ ಒಯ್ಯಬಹುದು ಅಂತ ಇಂದ್ರವ್ವನಿಗೆ ಹೇಳಿ ಹೋದ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತಾಯಿಯ ಮುಖ ಒರೆಸುತ್ತಿದ್ದಳು. ಅವಳ ಕೂದಲು ಇನ್ನೂ ಬೆನ್ನ ಮೇಲೆ ಬಿಚ್ಚಿತ್ತು.

ಅಣ್ಣ ಪಕ್ಕದಲ್ಲಿ ಬಂದು ಕೂತ. ಮೂಗು ಒರೆಸಿಕೊಂಡು ಕೇಳಿದ. "ಕೊನೀಗೆ ನನ್ನ ನೆನಸಿದ್ಲೇನು?"

"ಇಲ್ಲ," ಅಂದಳು.

ಅಣ್ಣ ತಾಯಿಯ ನೀಲಿ ಕೈ ನೋಡಿದ. "ನಿನ್ನನ್ನ?"

ಇಂದ್ರವ್ವ ಬಟ್ಟೆ ಹಿಂಡಿದಳು.

"ನನ್ನನ್ನ ಕೇಳಿದ್ಲು," ಅಂದಳು. "ಬಂದಾಳೇನು, ಬಂದಾಳೇನು ಅಂತ ಕೊನೀತನಕ ಕೇಳಿದ್ಲು."

ಅಣ್ಣ ಮತ್ತೆ ಅತ್ತ. ಅಳುತ್ತಲೇ ತಂಗಿಯ ಹೆಗಲ ಮೇಲೆ ಕೈಯಿಟ್ಟು, "ನೀ ಪುಣ್ಯಾ ಮಾಡೀ ಬಿಡು," ಅಂದ.